ಖಾಲಿ ಚೀಲದ ಬಾಣಂತನ

ಕುದೂರು ಬಸ್ ಸ್ಟ್ಯಾಂಡಿನಿಂದ ಮಾಗಡಿ ಕಡೆಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ ನಡೆದರೆ ಸಿಗುವ ಹಿಂಡಿ ಬೂಸಾ ಅಂಗಡಿಯ ಅನಂತರಾಜು, ಐವತ್ತು ದಾಟಿದ ಮೇಲೆ ಸಣ್ಣಗಾದ. ಸಣ್ಣಗಾಗುವುದು ಅಂಥ ದೊಡ್ಡ ಸಾಹಸವೇನಲ್ಲ. ಬಡವರು ದಿನಾ ಆಗುತ್ತಾರೆ, ಯಾರಿಗೂ ಹೇಳುವುದಿಲ್ಲ. ಅನಂತರಾಜು ಮಾತ್ರ ಹೇಳದೆ ಒಬ್ಬರನ್ನೂ ಬಿಡಲಿಲ್ಲ.

ಮೊದಲು ಅವನು ಎಷ್ಟು ದಪ್ಪ ಇದ್ದ ಅನ್ನುವುದು ಊರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಅವನು ಕೂತ ಸೀಟಿನ ಪಕ್ಕಕ್ಕೆ ಕಂಡಕ್ಟರು ಇನ್ನೊಬ್ಬರನ್ನು ಕೂರು ಅನ್ನುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಡಾಕ್ಟರು ಒಂದು ದಿನ, ಹೀಗೇ ಇದ್ದರೆ ಮಗಳ ಮದುವೆ ಫೋಟೋದಲ್ಲಿ ನೀನಿರಲ್ಲ, ನಿನ್ನ ಫೋಟೋ ಇರುತ್ತೆ ಅಂದರು. ಅವತ್ತಿನಿಂದ ಮುದ್ದೆ ಬಿಟ್ಟ, ಅನ್ನ ಬಿಟ್ಟ, ಬಾಡೂಟದ ಮನೆಗಳಿಗೆ ಹೋಗಿ ಸೌತೆಕಾಯಿ ತಿಂದು ಬಂದ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಮೂಟೆ ತೂಗುವ ತಕ್ಕಡಿಯ ಮೇಲೆ ತಾನೇ ಹತ್ತಿ ನಿಲ್ಲುತ್ತಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಬೂಸಾ ಮೂಟೆಯಷ್ಟು ಇಳಿದ. ಸುಳ್ಳಲ್ಲ. ಗಿರಾಕಿಗಳಿಗೆ ತೋರಿಸೋಣ ಅಂತ ಒಂದು ಮೂಟೆಯನ್ನು ಹೆಗಲಿಗೇರಿಸಿಕೊಂಡು ತಕ್ಕಡಿಯ ಮೇಲೆ ನಿಂತ, ಮುಳ್ಳು ಅವನ ಹಳೇ ಜಾಗಕ್ಕೇ ಬಂದು ನಿಂತಿತು. ಆಮೇಲೆ ಆ ಮೂಟೆಯನ್ನೂ ಅದರ ಕೆಳಗಿದ್ದ ಅವನನ್ನೂ ಬಿಡಿಸಲು ಪಕ್ಕದ ಅಂಗಡಿಯವರು ಓಡಿ ಬರಬೇಕಾಯಿತು.

ಇಷ್ಟಕ್ಕೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಅಂಗಡಿಯ ಮುಂದೆ ಫ್ಲೆಕ್ಸ್ ಹಾಕಿಸಿದ. ಎಡಗಡೆ ಹಳೇ ಅನಂತರಾಜು, ಬಲಗಡೆ ಹೊಸ ಅನಂತರಾಜು, ಮೇಲೆ 'ಅಂದು', 'ಇಂದು'. ಬಲಗಡೆಯವನಿಗೆ ಫೋಟೋದವನು ಯಾವುದೋ ಹುಡುಗನ ಎದೆ ಅಂಟಿಸಿದ್ದಾನೆ ಅಂತ ಊರಿಗೇ ಅನುಮಾನ. ಎಮ್ಮೆ ದಪ್ಪಗಾಗಲಿ ಅಂತ ಹಿಂಡಿ ಕೊಳ್ಳಲು ಬಂದ ರೈತರನ್ನು ನಿಲ್ಲಿಸಿಕೊಂಡು, ಸಣ್ಣಗಾಗುವುದು ಹೇಗೆ ಅಂತ ಅರ್ಧ ಗಂಟೆ ಹೇಳಿ ಕಳಿಸುತ್ತಿದ್ದ. ಎಮ್ಮೆಗಳು ಪುಣ್ಯಕ್ಕೆ ಮನೆಯಲ್ಲಿರುತ್ತಿದ್ದವು.

ಆದರೆ ಅಂಗಿಯ ಒಳಗಿನ ಕಥೆ ಬೇರೆ. ಮೂಟೆ ಖಾಲಿಯಾಗಿತ್ತು, ಚೀಲ ಅಲ್ಲೇ ಉಳಿದಿತ್ತು.

ಹೊಟ್ಟೆಯ ತೊಗಲು ಮಡಿಕೆ ಮಡಿಕೆಯಾಗಿ ತೊಡೆಯವರೆಗೆ ಜೋತು ಬಿದ್ದಿತ್ತು. ರಟ್ಟೆ ಎತ್ತಿದರೆ ಕೆಳಗೆ ಒದ್ದೆ ಟವಲ್ಲು ನೇತು ಹಾಕಿದ ಹಾಗಿರುತ್ತಿತ್ತು. ಬಸ್ಸಿಗೆ ಓಡುವಾಗ ಅವನು ಓಡಲು ಶುರು ಮಾಡಿದ ಮೇಲೆ ಅದು ಓಡಲು ಶುರು ಮಾಡುತ್ತಿತ್ತು, ಅವನು ನಿಂತ ಮೇಲೂ ಒಸಿ ಹೊತ್ತು ಓಡುತ್ತಿತ್ತು. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕುವುದನ್ನು ಕಲಿತ. ಬೇಸಿಗೆಯಲ್ಲಿ ಜಗಲಿಯ ಮೇಲೆ ಬರಿ ಮೈಯಲ್ಲಿ ಕೂತು ಊರಿನ ಸುದ್ದಿ ಕೇಳುತ್ತಿದ್ದವನು, ಸೆಕೆಯಲ್ಲೂ ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು ಕೂತ. ರೇಷ್ಮೆ ಹುಳ ಸೊಪ್ಪು ಬಿಟ್ಟು ಜ್ವರಕ್ಕೆ ಕೂತು ಎದ್ದಾಗ ಹಳೇ ತೊಗಲನ್ನು ಅಲ್ಲೇ ಕಳಚಿ ಮುಂದಕ್ಕೆ ಹೋಗುತ್ತದೆ. ಹುಳಕ್ಕೆ ಕೊಟ್ಟ ಅನುಕೂಲವನ್ನು ದೇವರು ಹಿಂಡಿ ಅಂಗಡಿಯವನಿಗೆ ಕೊಡಲಿಲ್ಲವಲ್ಲ ಅಂತ ಅವನಿಗೆ ಬಹಳ ಬೇಜಾರು. ಹೆಂಡತಿ ರಾಧಾಮಣಿಗೂ ತೋರಿಸಲಿಲ್ಲ. ಊರೆಲ್ಲ ನೋಡಲಿ ಅಂತ ಫ್ಲೆಕ್ಸ್ ಹಾಕಿದವನು ಮನೆಯಲ್ಲಿ ಬನಿಯನ್ನು ಹಾಕಿಕೊಂಡು ಮಲಗಿದ.

ಅಷ್ಟರಲ್ಲಿ ಮಗಳು ಪ್ರತಿಮಾಗೆ ಸಂಬಂಧ ಕೂಡಿ ಬಂತು. ರಾಮನಗರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಮುಗಿಸಿದ್ದ ಹುಡುಗಿ. ಗಂಡು ಕೂಟಗಲ್ಲಿನ ಬೋರಲಿಂಗಯ್ಯನ ಮಗ ಬಾಲರಾಜು, ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ. ಹುಡುಗ ಹುಡುಗಿ ಒಪ್ಪಿದ್ದರು, ಭಾನುವಾರ ವೀಳ್ಯಶಾಸ್ತ್ರ ಅಂತ ನಿಗದಿಯಾಯಿತು. ವೀಳ್ಯ ಬದಲಾಯಿಸಿಕೊಂಡರೆ ಮದುವೆ ಗಟ್ಟಿ. ಅನಂತರಾಜು ರೇಷ್ಮೆ ಅಂಗಿ ಹೊಲಿಸಲು ಹೋದ. ಟೈಲರು ಟೇಪು ಹಿಡಿದು ಒಂದು ಸಲ ಅಳೆದ, ಕೂರಿಸಿ ಇನ್ನೊಂದು ಸಲ ಅಳೆದ, ಆಮೇಲೆ ಬಹಳ ಮರ್ಯಾದೆಯಿಂದ, "ಅಣ್ಣ, ಹೊಟ್ಟೆದು ಯಾವ ಅಳತೆ ಬರ್ಕೊಳ್ಲಿ, ನಿಂತಿದ್ದಾಗಿಂದೋ ಕೂತಿದ್ದಾಗಿಂದೋ?" ಅಂತ ಕೇಳಿದ.

ಆ ಮಾತು ಅನಂತರಾಜುವನ್ನು ಸೋಮವಾರ ಮಾಗಡಿ ಬಸ್ಸು ಹತ್ತಿಸಿತು. ಕುದೂರಿನ ಮೆಡಿಕಲ್ ಸ್ಟೋರಿನಲ್ಲಿ ಕೆಮ್ಮಿನ ಔಷಧಿ ಕೊಂಡರೂ ಸಂಜೆಯೊಳಗೆ ಊರೇ ಕೆಮ್ಮುತ್ತದೆ. ಅದಕ್ಕೆ ಮಾಗಡಿ. ಅದೂ ಸಾಲದು ಅಂತ ಮುಖಕ್ಕೆ ಮಾಸ್ಕು ಹಾಕಿಕೊಂಡ.

ಮೆಡಿಕಲ್ಲಿನವನು ಮೂರು ಥರದ ಹೊಟ್ಟೆ ಬೆಲ್ಟು ತೆಗೆದು ಹರಡಿದ. ಒಂದು ಭಾರ ಎತ್ತುವವರದ್ದು, ಒಂದು ಬೆನ್ನು ನೋವಿನವರದ್ದು, ಮೂರನೆಯದು ಬಾಣಂತಿಯರದ್ದು. ಮೂರನೆಯದು ಮೆತ್ತಗಿತ್ತು, ಎಳೆದರೆ ಎಳೆದಷ್ಟೂ ಬಿಗಿಯುತ್ತಿತ್ತು. ಅನಂತರಾಜುವಿನ ಕಣ್ಣು ಅದರ ಮೇಲೇ ನಿಂತಿತು. ಯಾರಿಗೆ ಅಂತ ಮೆಡಿಕಲ್ಲಿನವನು ಕೇಳಿದ. ಮನೆಯವರಿಗೆ ಅಂದ. ಸೈಜು ಕೇಳಿದ. ಹೆಚ್ಚು ಕಮ್ಮಿ ನನ್ನಷ್ಟೇ ಅಂದ. ಮೆಡಿಕಲ್ಲಿನವನು ಒಂದು ಸಲ ಅವನ ಮುಖ ನೋಡಿ, ಹೆರಿಗೆ ಮಾಮೂಲಿಯೋ ಆಪರೇಷನ್ನೋ ಅಂತ ಕೇಳಿದ. ಆಪರೇಷನ್ನು ಅಂದ. ಮಗು?

"ಗಂಡು" ಅಂದ ಅನಂತರಾಜು.

ಇಲ್ಲದ ಮಗುವನ್ನು ಹೆರುವಾಗಲೂ ಹೆಣ್ಣು ಹೆರಲು ಅವನಿಗೆ ಮನಸ್ಸು ಬರಲಿಲ್ಲ.

ಹಿಂದೆ ಮಂಡಿ ನೋವಿನ ಮುಲಾಮಿಗೆ ನಿಂತಿದ್ದವಳು ಅವನ ಎದುರು ಮನೆಯ ದೊಡ್ಡಲಕ್ಷ್ಮಮ್ಮ. ಮಾಸ್ಕು ಮೂಗು ಬಾಯಿ ಮುಚ್ಚುತ್ತದೆ, ಮೂವತ್ತು ವರ್ಷ ಎದುರು ಮನೆಯಿಂದ ಕೇಳಿದ ದನಿಯನ್ನು ಮುಚ್ಚುವುದಿಲ್ಲ. ಆಕೆ ಮುಲಾಮು ಮರೆತು ಬಸ್ಸು ಹತ್ತಿದಳು. ಮಂಡಿ ನೋವೂ ಮರೆತಿತ್ತು ಅಂತ ಕಾಣುತ್ತದೆ, ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿಯೇ ಹೋದಳಂತೆ.

ಹೆರಿಗೆ ಯಾರಿಗೆ ಅನ್ನುವ ಲೆಕ್ಕ ಸುಲಭ. ರಾಧಾಮಣಿಗೆ ಐವತ್ತಾಗುತ್ತಾ ಬಂತು. ಉಳಿದವಳು ಹಾಸ್ಟೆಲಿನಿಂದ ಹೋದ ವಾರ ಬಂದು ಒಳಗೆ ಸೇರಿಕೊಂಡಿರುವ ಮಗಳು. ಹುಡುಗಿ ಮೊದಲಿಗಿಂತ ಬಿಳಚಿಕೊಂಡವಳೆ ಅಂದಳು ಒಬ್ಬಳು. ಮಗು ಅಳೋದು ಕೇಳಿಸಲ್ವಲ್ಲ ಅಂದಳು ಇನ್ನೊಬ್ಬಳು. ಅದನ್ನ ಮಾಗಡಿ ಆಸ್ಪತ್ರೆಯ ಗಾಜಿನ ಪೆಟ್ಟಿಗೇಲಿ ಮಡಗವ್ರೆ ಅಂತ ದೊಡ್ಡಲಕ್ಷ್ಮಮ್ಮ ಹೇಳಿದಳು. ಗಾಜಿನ ಪೆಟ್ಟಿಗೆಯ ವಿಷಯ ಆಕೆಗೆ ಯಾರು ಹೇಳಿದರು ಅಂತ ಯಾರೂ ಕೇಳಲಿಲ್ಲ. ಇಂಥ ಹೊತ್ತಿನಲ್ಲಿ ಅಂಥದ್ದನ್ನು ಕೇಳುವುದು ಮರ್ಯಾದೆಯಲ್ಲ.

ಮಾರನೇ ದಿನ ಮಂಗಳವಾರ ಅನಂತರಾಜು ವಾಡಿಕೆಯಂತೆ ಮಾರಮ್ಮನ ಗುಡಿಗೆ ಹೋದ. ಒಳಗೆ ಬಿಗಿಯಾಗಿ ಬೆಲ್ಟು ಕಟ್ಟಿದ್ದ, ಎದೆ ತಾನಾಗಿಯೇ ಮುಂದಕ್ಕೆ ಬಂದಿತ್ತು. ಹೊಸ್ತಿಲಿಗೆ ಕಾಲಿಡುವಾಗ ಪೂಜಾರಿ ಕೆಂಪಯ್ಯ ಕೈ ಅಡ್ಡ ಹಿಡಿದ.

"ಒಳಿಕ್ಕೆ ಬರಬ್ಯಾಡ ಕಣಪ್ಪ. ಪುರುಡು ಕಳೀಲಿ."

ಹೆರಿಗೆಯಾದ ಮನೆಗೆ ಪುರುಡು. ಅದು ಕಳೆಯುವವರೆಗೆ ಗುಡಿಗೆ ಬರುವ ಹಾಗಿಲ್ಲ, ದೇವರ ದೀಪ ಹಚ್ಚುವ ಹಾಗಿಲ್ಲ, ಬೇರೆಯವರು ಆ ಮನೆಯ ನೀರು ಮುಟ್ಟುವ ಹಾಗಿಲ್ಲ. ದಾಯಾದಿಗಳ ಮನೆಯಲ್ಲಿ ಹುಟ್ಟಿದರೂ ತಟ್ಟುತ್ತದೆ, ದೂರದವರಾದರೆ ಮೂರು ದಿನ. ಬುದ್ಧಿ ಇದ್ದವನು ಯಾರಿಗೆ ಹೆರಿಗೆಯಾಯಿತು ಅಂತ ಕೇಳುತ್ತಿದ್ದ. ಅನಂತರಾಜು ತನ್ನ ದಾಯಾದಿಗಳ ಜೊತೆ ಬದುವಿನ ಜಗಳವಾಡಿ ಮಾತು ಬಿಟ್ಟು ಕಾಲವಾಗಿತ್ತು. ಅವರ ಪೈಕಿ ಯಾರೋ ಹೆತ್ತಿರಬೇಕು, ಅದು ತನಗೆ ಗೊತ್ತಿಲ್ಲ ಅನ್ನುವುದು ಪೂಜಾರಿಗೆ ಗೊತ್ತಾಗಬಾರದು ಅಂದುಕೊಂಡ. ಹಾಗಾಗಿ ಎಲ್ಲ ತಿಳಿದವನಂತೆ ತಲೆಯಾಡಿಸಿ, "ಹೌದೌದು, ಮರೆತೇ ಬುಟ್ಟಿದ್ದೆ ನೋಡು" ಅಂದು ವಾಪಸು ಬಂದ.

ಹೆತ್ತಿದ್ದನ್ನೇ ಮರೆತವನನ್ನು ಕೆಂಪಯ್ಯ ಅದುವರೆಗೆ ಕಂಡಿರಲಿಲ್ಲ. ಗುಡಿಗೆ ಬಂದವರಿಗೆಲ್ಲ ತೀರ್ಥದ ಜೊತೆ ಅದನ್ನೂ ಕೊಟ್ಟ.

ಮನೆಗೆ ಬಂದು ರಾಧಾಮಣಿಗೆ ದಾಯಾದಿಗಳ ಪುರುಡು, ಶುಕ್ರವಾರಕ್ಕೆ ಕಳೆಯುತ್ತೆ ಅಂದ. ಆಕೆ ದೇವರ ದೀಪ ನಿಲ್ಲಿಸಿದಳು. ಎದುರು ಮನೆಯಿಂದ ದೀಪ ಕಾಣಲಿಲ್ಲ. ಬುಧವಾರ ಪ್ರತಿಮಾಗೆ ಶೀತ ಹಿಡಿದು ಕಿವಿ ನೋವು ಬಂತು. ಕಿವಿಗೆ ಹತ್ತಿ ಇಟ್ಟು ತಲೆಗೆ ಸ್ಕಾರ್ಫು ಕಟ್ಟಿಕೊಂಡು ಬಾಗಿಲಿಗೆ ಬಂದಳು. ಬಾಣಂತಿಯರು ಕಟ್ಟಿಕೊಳ್ಳುವುದೂ ಹಾಗೆಯೇ. ಎದುರು ಮನೆಯ ಕಿಟಕಿಯಲ್ಲಿ ನಾಲ್ಕು ತಲೆ ಒಟ್ಟಿಗೆ ಅಲ್ಲಾಡಿದವು. ಇನ್ನು ಸಾಕ್ಷಿ ಬೇಕಾಗಿರಲಿಲ್ಲ.

ಗುರುವಾರದಿಂದ ಹೆಂಗಸರು ಬರತೊಡಗಿದರು. ದೊಡ್ಡಲಕ್ಷ್ಮಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಂದಳು. ಇನ್ನೊಬ್ಬಳು ಕೊಬ್ಬರಿ ಗಿಟುಕು, ಮತ್ತೊಬ್ಬಳು ಮೆಣಸು. ಬಾಣಂತಿಗೆ ಹಾಲು ಬರಲು ಏನೇನು ಬೇಕೋ ಎಲ್ಲ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮುಚ್ಚಿಟ್ಟ ವಿಷಯ ಪಾಪ, ನಾವ್ಯಾಕೆ ಎತ್ತಬೇಕು ಅನ್ನುವ ದೊಡ್ಡ ಮನಸ್ಸು. ಕೊಟ್ಟು, ರೂಮಿನ ಬಾಗಿಲ ಕಡೆ ಕತ್ತು ಚಾಚಿ, ನಿಟ್ಟುಸಿರು ಬಿಟ್ಟು ಹೋದರು. ಭಾನುವಾರದ ಅಡುಗೆಗೆ ನೆರೆಹೊರೆಯವರು ಎಷ್ಟು ಸಹಾಯ ಮಾಡ್ತಾವ್ರೆ ಅಂತ ರಾಧಾಮಣಿಗೆ ಕಣ್ಣು ತುಂಬಿ ಬಂತು. ಸೊಪ್ಪನ್ನೆಲ್ಲ ಬೇಳೆಗೆ ಹಾಕಿದಳು.

ಭಾನುವಾರ ಕೂಟಗಲ್ಲಿನವರ ಟೆಂಪೋ ಹೂವು ಕೊಳ್ಳಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿತು. ದೊಡ್ಡಲಕ್ಷ್ಮಮ್ಮನೂ ಹೂವು ಕೊಳ್ಳಲು ಅಲ್ಲೇ ಇದ್ದಳು. ಬೆಳಿಗ್ಗೆ ಏಳರಿಂದ ಕೊಳ್ಳುತ್ತಿದ್ದಳು.

ಟೆಂಪೋ ಮನೆ ಮುಂದೆ ನಿಂತಾಗ ಇಳಿದವರ ಮುಖದಲ್ಲಿ ಒಂದು ಸಾಸಿವೆಯಷ್ಟೂ ನಗು ಇರಲಿಲ್ಲ. ಬೋರಲಿಂಗಯ್ಯ ಚಪ್ಪರದ ಕೆಳಗೆ ಹಾಕಿದ್ದ ಕುರ್ಚಿ ಬಿಟ್ಟು ಅಂಗಳದ ಹೊಂಗೆ ಮರದ ಕೆಳಗೆ ನಿಂತ. ಅವನ ಹೆಂಡತಿ ಬೋರಮ್ಮ ತಾಂಬೂಲದ ತಟ್ಟೆಯನ್ನು ಟೆಂಪೋದಿಂದ ಇಳಿಸಲೇ ಇಲ್ಲ. ಬಾಲರಾಜು ಟೈರಿನ ಗಾಳಿ ನೋಡುತ್ತಾ ನಿಂತ. ರಾಧಾಮಣಿ ಚೊಂಬಿನಲ್ಲಿ ನೀರು ತಂದಳು. ಬೋರಲಿಂಗಯ್ಯ ಎರಡು ಹೆಜ್ಜೆ ಹಿಂದಕ್ಕೆ ಹೋದ.

"ಬ್ಯಾಡ ಕಣವ್ವ. ಪುರುಡಿನ ಮನೆ ನೀರು ನಾವು ಮುಟ್ಟಾಕಿಲ್ಲ."

ರೇಷ್ಮೆ ಅಂಗಿಯ ಅನಂತರಾಜು ಎದೆ ಸೆಟೆಸಿಕೊಂಡು ಮುಂದೆ ಬಂದ. "ಅದು ಮೊನ್ನೇನೇ ಕಳೀತು ಬೀಗ್ರೇ. ದೂರದ್ದು."

"ಎಷ್ಟು ದೂರದ್ದು?"

ದಾಯಾದಿಗಳಲ್ಲಿ ಕೆಲವರು ಮಾಗಡಿಯಲ್ಲಿ ಮನೆ ಮಾಡಿದ್ದು ಅವನಿಗೆ ನೆನಪಾಯಿತು. "ಮಾಗಡೀದಿರ್ಬೇಕು" ಅಂದ.

ಬೇಲಿಯಾಚೆ ನೆರೆದಿದ್ದ ಹೆಂಗಸರಲ್ಲಿ ಒಂದು ಗುಜುಗುಜು ಎದ್ದಿತು. ಗಾಜಿನ ಪೆಟ್ಟಿಗೆ ನಿಜವಾಯಿತಲ್ಲ.

ಬೋರಲಿಂಗಯ್ಯ ದನಿ ಏರಿಸಲಿಲ್ಲ. "ಗಂಡು ಮಗುವಂತೆ. ಹೊಟ್ಟೆ ಕುಯ್ದು ತಗುದ್ರಂತೆ. ಬಾಣಂತಿ ಬೆಲ್ಟ ಮಾಗಡಿಗೋಗಿ ನೀವೇ ತಂದ್ರಂತೆ. ಇಂಥ ವಿಷಯ ಇದ್ಮೇಲೆ ನಮ್ಮನ್ನ ವೀಳ್ಯಕ್ಕೆ ಕರೀಬಾರದಾಗಿತ್ತು ಕಣ್ರೀ. ನಾವೂ ಮರ್ಯಾದಸ್ತರು."

ಆಗ ಅನಂತರಾಜುಗೆ ಅರ್ಥವಾಯಿತು. ಅವನ ಆಯುಸ್ಸಿನಲ್ಲಿ ಇಷ್ಟು ಬೇಗ ಏನೂ ಅರ್ಥವಾಗಿರಲಿಲ್ಲ. ಬಾಯಿ ತೆರೆದ, ಮಾತು ಬರಲಿಲ್ಲ. ಬೆಲ್ಟು ಬಿಗಿಯಾಗಿತ್ತು, ಉಸಿರೂ ಪೂರ್ತಿ ಬರಲಿಲ್ಲ.

ಮಾತು ಬಂದದ್ದು ರಾಧಾಮಣಿಗೆ. ಆಕೆ ಚೊಂಬನ್ನು ನೆಲಕ್ಕಿಟ್ಟಳು. ಮಗಳ ಮೇಲೆ ಆಕೆಗೆ ಎಳ್ಳಷ್ಟೂ ಅನುಮಾನವಿಲ್ಲ, ಹಾಸ್ಟೆಲಿನಿಂದ ಬಂದಾಗಿನಿಂದ ಮಗಳು ಕಣ್ಣ ಮುಂದೆಯೇ ಇದ್ದವಳು. ಆದರೆ ಗಂಡ ಬೆಲ್ಟು ತಂದದ್ದು ನಿಜ ಅಂತ ಅವನ ಮುಖವೇ ಹೇಳುತ್ತಿತ್ತು. ಆಕೆಯ ತಲೆಯೊಳಗೆ ಎರಡು ವರ್ಷದ ಲೆಕ್ಕ ಒಂದೇ ಸಲ ಕೂಡಿಕೊಂಡಿತು. ಮುದ್ದೆ ಬಿಟ್ಟದ್ದು, ತಲೆಗೆ ಬಣ್ಣ ಹಚ್ಚಿದ್ದು, ಬಚ್ಚಲ ಚಿಲಕ ಹಾಕಿದ್ದು, ಹೆಂಡತಿಯ ಪಕ್ಕದಲ್ಲಿ ಬನಿಯನ್ನು ಬಿಚ್ಚದೆ ಮಲಗಿದ್ದು.

"ಮಾಗಡೀಲಿ ಯಾರು ಅವಳು?" ಅಂದಳು.

ಆಮೇಲೆ ನಡೆದದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಬೋರಲಿಂಗಯ್ಯನ ಮುಖದ ಗಂಟು ನಿಧಾನವಾಗಿ ಸಡಿಲವಾಯಿತು. ಹುಡುಗಿಯದ್ದಲ್ಲ, ಹುಡುಗಿಯ ಅಪ್ಪನದ್ದು. ಹಾಗಾದರೆ ಇದೇನು ಮಹಾ ವಿಷಯ?

"ಓ, ಅಂಗೋ" ಅಂದ. "ಅದು ಗಂಡಸಿನ ವಿಷಯ ಬುಡಿ. ಅದುಕ್ಕೂ ಸಂಬಂಧಕ್ಕೂ ಏನು?" ಅಂದು ಹೊಂಗೆ ಮರ ಬಿಟ್ಟು ಬಂದು ಕುರ್ಚಿಯಲ್ಲಿ ಕೂತೂಬಿಟ್ಟ. ಅವನ ಕಡೆಯ ಇಬ್ಬರು ಹಿರಿಯರು ಅನಂತರಾಜುವನ್ನು ಹೊಸದಾಗಿ ನೋಡಿದರು. ಈ ವಯಸ್ಸಿನಲ್ಲಿ, ಅದೂ ಗಂಡು. ಬೇಲಿಯಾಚೆಯ ಗಂಡಸರ ಕಣ್ಣಿನಲ್ಲಿ, ಫ್ಲೆಕ್ಸ್ ಹಾಕಿದ ದಿನವೂ ಕಾಣದ ಮರ್ಯಾದೆ ಕಂಡಿತು.

ಅನಂತರಾಜು ಏನು ಮಾಡಬೇಕಿತ್ತು? ಅಲ್ಲ ಅನ್ನಬೇಕಿತ್ತು. ಅವನು ಅನ್ನಲಿಲ್ಲ. ಮಗಳ ಸಂಬಂಧ ಉಳಿಯಿತು, ಅಂಗಿ ಬಿಚ್ಚುವ ಕೆಲಸವೂ ತಪ್ಪಿತು, ಮೇಲೆ ಈ ಹೆಸರು ಬೇರೆ. ಜೋತು ಬಿದ್ದ ತೊಗಲಿನವನು ಅನ್ನಿಸಿಕೊಳ್ಳುವುದಕ್ಕಿಂತ ಮಾಗಡಿಯಲ್ಲಿ ಒಂದು ಮನೆ ಇಟ್ಟವನು ಅನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ಅವನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಮನುಷ್ಯನ ತೂಕ ಎಷ್ಟು ಇಳಿಯಬಹುದು ಅನ್ನುವುದಕ್ಕೆ ಅವನ ಅಂಗಡಿಯ ತಕ್ಕಡಿ ಸಾಲದು.

ರಾಧಾಮಣಿ ಕೂಗಾಡಲಿಲ್ಲ. ಇವತ್ತೇ ತವರಿಗೆ ಹೋಗ್ತೀನಿ, ವೀಳ್ಯದ ತಟ್ಟೆ ಆ ಮಾಗಡಿಯವಳೇ ಬಂದು ಹಿಡೀಲಿ ಅಂದು ಸೂಟ್‌ಕೇಸು ತರಲು ಒಳಗೆ ತಿರುಗಿದಳು. ಬಾಗಿಲಲ್ಲಿ ಪ್ರತಿಮಾ ನಿಂತಿದ್ದಳು. ವೀಳ್ಯದ ಸೀರೆ, ಕಿವಿಯಲ್ಲಿ ಹತ್ತಿ. ಅಮ್ಮನ ತೋಳು ಹಿಡಿದು ನಿಲ್ಲಿಸಿದಳು.

"ಅಪ್ಪ, ಅಂಗಿ ಬಿಚ್ಚು" ಅಂದಳು.

"ಏನವ್ವ ಇದು, ಬೀಗ್ರ ಮುಂದೆ…"

"ಮಾಳಿಗೆ ಮೇಲೆ ನನ್ನ ದುಪಟ್ಟಾ ಅಡೀಲಿ ದಿನಾ ಒಣಗಾಕ್ತೀಯಲ್ಲ, ಅದನ್ನ ತೋರ್ಸು. ಇಲ್ಲ ಅಂದ್ರೆ ಆ ಮಗೂನ ಎತ್ಕೊಂಡು ಬಾ."

ಅನಂತರಾಜು ಬೇಲಿ ನೋಡಿದ, ಬೀಗರನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಕೆ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ಇಪ್ಪತ್ತೈದು ವರ್ಷದಲ್ಲಿ ಆಕೆ ಹಾಗೆ ಒರೆಸಿದ್ದು ಈರುಳ್ಳಿ ಹೆಚ್ಚುವಾಗ ಮಾತ್ರ. ಅವನ ಕೈ ಮೀಸೆಯಿಂದ ಇಳಿದು ಗುಂಡಿಗೆ ಬಂತು.

ರೇಷ್ಮೆ ಅಂಗಿ ಬಿಚ್ಚಿದ. ಬೆಲ್ಟು ಕಂಡಿತು. ಅದರ ಪಟ್ಟಿ ಹಿಡಿದು ಎಳೆದ. ಬಟ್ಟೆ ಹರಿದ ಹಾಗೆ ಪರ್ರನೆ ಬಂದ ಸದ್ದಿಗೆ ಹೊಂಗೆ ಮರದ ಕಾಗೆಗಳು ಎದ್ದವು. ಅಷ್ಟೂ ದಿನ ಕಟ್ಟಿ ಹಾಕಿದ್ದು ಒಂದೇ ಸಲ ಕೆಳಗಿಳಿಯಿತು, ಇಳಿದು ಒಸಿ ಹೊತ್ತು ಅಲ್ಲಾಡಿ, ನಿಂತಿತು.

ಯಾರೂ ನಗಲಿಲ್ಲ. ನಗುವುದಕ್ಕೂ ಒಂದು ಉತ್ಸಾಹ ಬೇಕು. ಗಾಜಿನ ಪೆಟ್ಟಿಗೆಯ ಕೂಸು, ಮಾಗಡಿಯ ಸುಂದರಿ ಇಷ್ಟೆಲ್ಲ ನೋಡಲು ಬಂದವರಿಗೆ ಕೊನೆಗೆ ಸಿಕ್ಕಿದ್ದು ಹಿಂಡಿ ಅಂಗಡಿಯವನ ಖಾಲಿ ಹೊಟ್ಟೆ. ಬೇಲಿಯಾಚೆ ಅಷ್ಟೂ ಮುಖ ಬಾಡಿದವು. ಬೋರಲಿಂಗಯ್ಯ ಎದ್ದು ಬಂದು, ಸಂತೆಯಲ್ಲಿ ಎತ್ತಿನ ಸುತ್ತ ಬರುವ ಹಾಗೆ ಅವನ ಸುತ್ತ ಒಂದು ಸಲ ಬಂದ. ಒಂದು ಬೆರಳಿನಿಂದ ಮಡಿಕೆಯನ್ನು ಎತ್ತಿ ಬಿಟ್ಟು ನೋಡಿದ.

"ಇಷ್ಟೇಯಾ?" ಅಂದ. ಒಂದು ಚೂರು ಮರ್ಯಾದೆ ಕಮ್ಮಿಯಾಗಿದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಪುರುಡಿಲ್ಲ ಅಂದ ಮೇಲೆ ನಿಯಮ ನಿಯಮವೇ. ಚೊಂಬು ಎತ್ತಿ ನೀರು ಕುಡಿಯತೊಡಗಿದ. ನೀರು ಇಳಿದರೆ ಸಂಬಂಧ ನಿಂತ ಹಾಗೆ.

ಪ್ರತಿಮಾ ಅವನು ಬಾಯಿ ತುಂಬ ನೀರು ತುಂಬಿಕೊಳ್ಳುವವರೆಗೆ ಕಾದಳು. "ಮಾವ, ನಾನು ಹೆತ್ತಿದ್ರೆ ಮರ್ಯಾದೆ ಹೋಗೋದು, ಅಪ್ಪ ಹೆರಿಸಿದ್ರೆ ಗಂಡಸಿನ ವಿಷಯ ಅಂದ್ರಲ್ಲ. ನೆನಪಲ್ಲಿ ಇಟ್ಕೊಂಡಿರ್ತೀನಿ" ಅಂದಳು. ಆಮೇಲೆ ಬಾಲರಾಜು ಕಡೆ ತಿರುಗಿ, "ನೀವೂ ಇಟ್ಕೊಳಿ" ಅಂದಳು.

ಬಾಲರಾಜು ಟೈರು ಬಿಟ್ಟು, ಇಟ್ಕೋತೀನಿ ಅಂದ. ಅವತ್ತು ಅವನು ಆಡಿದ್ದು ಅದೊಂದೇ ಮಾತು. ಆದರೂ ಅವರ ಕಡೆಯಿಂದ ಬಂದ ಒಳ್ಳೇ ಮಾತೂ ಅದೊಂದೇ. ಬೋರಮ್ಮ ಟೆಂಪೋದಿಂದ ತಟ್ಟೆ ಇಳಿಸಿದಳು.

ವೀಳ್ಯ ಮುಗಿಯಿತು, ಊಟವೂ ಆಯಿತು. ಸಬ್ಬಸಿಗೆ, ಬೆಳ್ಳುಳ್ಳಿ, ಮೆಣಸು ಎಲ್ಲ ಬಿದ್ದ ಬಾಣಂತಿ ಊಟವನ್ನು ಬೋರಲಿಂಗಯ್ಯ ಎರಡು ಸಲ ಬಡಿಸಿಕೊಂಡು ಉಂಡ. ಸಂಜೆ ದೊಡ್ಡಲಕ್ಷ್ಮಮ್ಮ ಬಂದು ಬಾಗಿಲಲ್ಲಿ ನಿಂತು, ಬಾಣಂತಿ ಇಲ್ಲ ಅಂದ್ಮೇಲೆ ಆ ಕೊಬ್ಬರಿ ಗಿಟುಕು ಏನಾರ ಉಳಿದದೇನವ್ವ ಅಂತ ಕೇಳಿದಳು. ಕೊಬ್ಬರಿ ಆಕೆ ಕೊಟ್ಟದ್ದೂ ಅಲ್ಲ.

ಅವತ್ತಿನಿಂದ ಅನಂತರಾಜು ಒಬ್ಬನೇ ಮಾಗಡಿಗೆ ಹೋಗುವ ಹಾಗಿಲ್ಲ ಅಂತ ಆಯಿತು. ತೊಗಲನ್ನು ಕಣ್ಣಾರೆ ಕಂಡರೂ ರಾಧಾಮಣಿಗೆ ಪೂರ್ತಿ ಸಮಾಧಾನವಿಲ್ಲ. ಬೆಲ್ಟು ಇವನದ್ದೇ ಸರಿ, ಮೀಸೆಗೆ ಕೈ ಯಾಕೆ ಹೋಯಿತು ಅಂತ ದಿನಕ್ಕೊಂದು ಸಲ ಕೇಳುತ್ತಿದ್ದಳು. ಆ ಬೆಲ್ಟನ್ನು ಕಿತ್ತುಕೊಂಡು ಕರುವಿನ ಗೂಟಕ್ಕೆ ಸುತ್ತಿದಳು.

ಮದುವೆ ಬಟ್ಟೆ ತರಲು ಎರಡೂ ಕಡೆಯವರು ಮಾಗಡಿಯಲ್ಲಿ ಸೇರಿದರು. ಅನಂತರಾಜು ಕವರುಗಳನ್ನು ಹೊತ್ತು ಹಿಂದೆ ಬರುತ್ತಿದ್ದ. ಮುಂದೆ ರಾಧಾಮಣಿ, ಬೋರಮ್ಮ, ಪಕ್ಕದಲ್ಲಿ ಬೋರಲಿಂಗಯ್ಯ. ದಾರಿ ಆ ಮೆಡಿಕಲ್ ಸ್ಟೋರಿನ ಮುಂದೆಯೇ ಹೋಗಬೇಕೇ? ಅವನು ಇವತ್ತು ಮಾಸ್ಕು ಹಾಕಿರಲಿಲ್ಲ. ಆದರೂ ಮೆಡಿಕಲ್ಲಿನವನು ಅಳತೆಯಿಂದಲೇ ಗುರುತು ಹಿಡಿದ. ಕೌಂಟರಿನಾಚೆಯಿಂದ ಬೀದಿಗೆಲ್ಲ ಕೇಳುವ ಹಾಗೆ, "ಏನ್ ಸಾರ್, ಬಾಣಂತಿ ಹೆಂಗವ್ರೆ, ಮಗ ಹೆಂಗವ್ನೆ?" ಅಂದ.

ಬೋರಲಿಂಗಯ್ಯನ ಹುಬ್ಬು ಮತ್ತೆ ಮರ್ಯಾದೆಯಿಂದ ಮೇಲೇರಿತು. ರಾಧಾಮಣಿ ತಿರುಗಿ ನಿಂತಳು. ಅವನ ಬಲಗೈಯನ್ನೇ ನೋಡತೊಡಗಿದಳು. ಅದು ಎತ್ತ ಹೋಗುತ್ತದೆ ಅಂತ.

ಅನಂತರಾಜು ಕವರುಗಳನ್ನೆಲ್ಲ ಬೋರಲಿಂಗಯ್ಯನ ಕೈಗೆ ಕೊಟ್ಟ. ಅವನಿಗೆ ಬುದ್ಧಿ ಬಂದು ಹಾಗೆ ಮಾಡಿದ ಅಂತ ಯಾರೂ ತಿಳಿಯಬಾರದು, ಹೆಂಡತಿಯ ಹೆದರಿಕೆಗೆ ಮಾಡಿದ. ಮಾಗಡಿಯ ನಡು ಬೀದಿಯಲ್ಲಿ, ಬಸ್ಸಿನ ಕಿಟಕಿಗಳೆಲ್ಲ ತುಂಬಿದ್ದ ಹೊತ್ತಿನಲ್ಲಿ, ಎರಡೂ ಕೈಯಿಂದ ಅಂಗಿಯನ್ನು ಕುತ್ತಿಗೆವರೆಗೆ ಎತ್ತಿ ಹಿಡಿದ.

"ನೋಡಪ್ಪ, ಇಲ್ಲೇ ಅವ್ನೆ" ಅಂದ. "ಎತ್ಕೊಂಡೇ ತಿರುಗ್ತಾ ಇವ್ನಿ."